ಮೈಲಪ್ಪನ ಕೋಣೆಗೆ ಬಂದ ಚೀಲಗಳು

ಮೈಲಪ್ಪನಿಗೆ ಬ್ಯಾಡಗಿಯಲ್ಲಿ ಕೋಣೆ ಬೇಕಾದದ್ದು ಬಸ್ಸಿನ ಕಾರಣಕ್ಕೆ. ಅವನದು ಕಾಗಿನೆಲೆಯಿಂದ ಆಚೆ, ಒಳಗಿನ ಹಳ್ಳಿ. ಅಲ್ಲಿಂದ ಹೊರಡುವ ಮೊದಲ ಬಸ್ಸು ಬ್ಯಾಡಗಿ ಮುಟ್ಟುವುದು ಹತ್ತಕ್ಕೆ. ಕಾಲೇಜಿನಲ್ಲಿ ಪರೀಕ್ಷೆ ಶುರುವಾಗುವುದು ಒಂಬತ್ತೂವರೆಗೆ. ಹೋದ ಸಲ ಎರಡು ವಿಷಯಗಳ ದಿನ ಅವನು ಬಾಗಿಲ ಹೊರಗೆ ನಿಂತು ವಾಪಸು ಬಂದಿದ್ದ. ಓದಿರಲಿಲ್ಲ ಅಂತಲ್ಲ. ಒಳಗೆ ಬಿಡಲಿಲ್ಲ. ಈ ಸಲವೂ ಹಾಗಾದರೆ ಬಿ.ಎ. ಕೊನೆಯ ವರ್ಷ ಪೂರ್ತಿ ಹೋಗುತ್ತಿತ್ತು.

ಡಿಸೆಂಬರಿನಲ್ಲಿ ಅವನ ತಾಯಿ ಗುತ್ತೆವ್ವ ತಾನೇ ಬಂದು ಕೋಣೆ ಹುಡುಕಿದಳು. ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಯೂಸುಫಸಾಬನ ಮನೆ. ಅವನು ಮೊದಲು ಹಮಾಲನಾಗಿದ್ದ. ಈಗ ಅಷ್ಟಿಷ್ಟು ಕಾಯಿ ಕೊಂಡಿಟ್ಟು ರೇಟು ಏರಿದಾಗ ಮಾರುತ್ತಿದ್ದ. ಮನೆಗೆ ಅಂಟಿಕೊಂಡು ಒಂದು ತಗಡಿನ ಕೋಣೆ ಇತ್ತು. ಮಾತುಕತೆ ನಡೆಸಿದ್ದು ಅವನ ಹೆಂಡತಿ ಸುಗರಾಬಿ.

"ನಮ್ಮ ಹುಡುಗ ಭಾಳ ಸಂಭಾವಿತ ಅದಾನ್ರಿ," ಎಂದಳು ಗುತ್ತೆವ್ವ.

"ಅವ್ವನ ಮುಂದ ಎಲ್ಲಾರೂ ಹಂಗ ಇರತಾರವ್ವ," ಎಂದಳು ಸುಗರಾಬಿ. "ಇರಲಿ ಬಿಡು. ಪರೀಕ್ಷಾ ಮುಗಿಯೂ ತನಕ ಈ ಕೋಣಿ ಅವಂದು. ನಾ ಮಾತು ಕೊಟ್ಟೇನಿ."

ಯೂಸುಫಸಾಬನನ್ನು ಯಾರೂ ಕೇಳಲಿಲ್ಲ.

ಮೈಲಪ್ಪ ಪ್ರತಿ ಭಾನುವಾರ ಬಟ್ಟೆ ಒಗೆಯುತ್ತಿದ್ದ. ಮೊದಲನೆಯ ಸಲ ಅಂಗಳದಲ್ಲಿ ಒಣಹಾಕಿದ. ಸುಗ್ಗಿಯಲ್ಲಿ ಆ ಓಣಿಯ ಗಾಳಿಯೆಲ್ಲ ಖಾರದ ಪುಡಿ. ಸೋಮವಾರ ಅದೇ ಪ್ಯಾಂಟು ತೊಟ್ಟು ಕ್ಲಾಸಿಗೆ ಹೋದವನು ಎರಡನೆಯ ತಾಸಿಗೆ ಎದ್ದು ನಿಂತ.

"ಯಾಕ ನಿಂತೀಯೋ?" ಎಂದರು ಮಾಸ್ತರರು.

"ಕುಂದ್ರಾಕ ಬರವಲ್ದ್ರಿ ಸರ್."

ಮಾಸ್ತರರು ಹೊರಗಿನ ಊರಿನವರಲ್ಲ. ಹೆಚ್ಚಿಗೆ ಕೇಳದೆ ಪಾಠ ಮುಂದುವರಿಸಿದರು. ಮೈಲಪ್ಪ ಅಂದೇ ಕೋಣೆಯೊಳಗೆ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿದ.

ಜನವರಿಯಲ್ಲಿ ರೇಟು ಬಿತ್ತು. ಕೋಲ್ಡ್ ಸ್ಟೋರೇಜುಗಳು ತುಂಬಿದ್ದವು. ಯೂಸುಫಸಾಬ ಕಾಯಿ ತುಂಬಿದ ನಾಲ್ಕು ಚೀಲ ತಂದು ಮೈಲಪ್ಪನ ಕೋಣೆಯ ಮೂಲೆಗೆ ಇಟ್ಟ.

"ಎಂಟ ದಿನ ಅಷ್ಟ. ರೇಟು ಏರಿದ ಕೂಡ್ಲೇ ಒಯ್ತೇನಿ," ಎಂದ.

ರೇಟು ಏರಲಿಲ್ಲ. ಚೀಲಗಳೇ ಏರಿದವು. ಮೊದಲು ಮಂಚ ಹೊರಗೆ ಹೋಯಿತು, ಆಮೇಲೆ ಕುರ್ಚಿ. ಕೊನೆಗೆ ಮೈಲಪ್ಪ ಚೀಲಗಳ ಮೇಲೆಯೇ ಹಾಸಿಗೆ ಹಾಸಿದ. ಎದ್ದು ಕೂತರೆ ತಲೆ ತಗಡಿಗೆ ತಾಕುತ್ತಿತ್ತು. ಒಂದು ಸಾಲು ಓದಿ, ಸೀನಿ, ಮುಂದಿನ ಸಾಲಿಗೆ ಹೋಗುವುದು ರೂಢಿಯಾಯಿತು. ಅವನು ತಕರಾರು ಮಾಡಲಿಲ್ಲ. ಪರೀಕ್ಷೆಯ ತನಕ ಕೋಣೆ ಉಳಿದರೆ ಸಾಕಿತ್ತು.

ಸೋಮವಾರದಿಂದ ಪರೀಕ್ಷೆ. ಅದರ ಹಿಂದಿನ ಶನಿವಾರ ಯೂಸುಫಸಾಬ ಮಾಲು ಹೇಗಿದೆ ನೋಡೋಣವೆಂದು ಮೂಲೆಯ ಚೀಲ ಬಿಚ್ಚಿ ಕೈ ಹಾಕಿದ. ಕೆಂಪು ಕಾಯಿಯ ಜೊತೆ ಬಿಳಿ ಬೂಷ್ಟು ಬಂತು. ತಲೆ ಎತ್ತಿ ತಗಡು ನೋಡಿದ. ಏಣಿ ತಂದು ಮೇಲೆ ಹತ್ತಿದ.

ಮಧ್ಯಾಹ್ನ ಮೈಲಪ್ಪ ಕಾಲೇಜಿನಿಂದ ಬಂದಾಗ ಯೂಸುಫಸಾಬ ಇನ್ನೂ ಮೇಲೆಯೇ ಇದ್ದ. ಕೆಳಗೆ ಸುಗರಾಬಿ ನಿಂತಿದ್ದಳು.

"ತೂತು ಸಿಕ್ಕಿತೇನ್ರಿ?"

"ಸಿಗವಲ್ದು. ಮಳಿ ಆಗಿ ನಾಕ ತಿಂಗಳಾತು. ಚೀಲಕ್ಕ ಈ ನೀರು ಎಲ್ಲಿಂದ ಬಂತು?"

"ಇಳೀರಿ. ಇನ್ನೊಂದು ತಾಸು ಅಲ್ಲೇ ಅಡ್ಡಾಡಿದ್ರ ನೀವ ಒಂದು ತೂತು ಮಾಡ್ತೀರಿ."

ಮೈಲಪ್ಪ ತೆರೆದಿದ್ದ ಚೀಲ ನೋಡಿದ. ಅದರ ಮೇಲಿದ್ದ ಹಗ್ಗ ನೋಡಿದ. ಬಾಯಿ ಮುಚ್ಚಿಕೊಂಡಿದ್ದರೆ ಕೋಣೆ ಉಳಿಯುತ್ತಿತ್ತು. ಯೂಸುಫಸಾಬ ಬಿಸಿಲಲ್ಲಿ ಬೆಂದ ತಗಡಿನ ಮೇಲೆ ಮಂಡಿಯೂರಿ ತೂತು ಹುಡುಕುತ್ತಲೇ ಇದ್ದ.

"ಚಾಚಾ, ಇಳೀರಿ," ಎಂದ ಮೈಲಪ್ಪ. "ಅದು ತಗಡಿಂದಲ್ರಿ. ನನ್ನ ಪ್ಯಾಂಟಿಂದು."

ಯೂಸುಫಸಾಬ ಇಳಿದು ಬಂದು ಹಗ್ಗ ಮುಟ್ಟಿ ನೋಡಿದ.

"ಎಷ್ಟ ಪ್ಯಾಂಟು ಅದಾವು ನಿನ್ವು?"

"ಎರಡ್ರಿ."

"ಎರಡ ಪ್ಯಾಂಟಿಗೆ ಒಂದು ಚೀಲ ಕೆಡಿಸಿದೆಲ್ಲೋ!"

"ಒಂದು ಅಂಗಿನೂ ಇತ್ರಿ," ಎಂದ ಮೈಲಪ್ಪ. ಅರ್ಧ ಹೇಳಿ ಅರ್ಧ ಬಿಡುವುದು ಸರಿ ಕಾಣಲಿಲ್ಲ.

"ಕೋಣಿ ಖಾಲಿ ಮಾಡು."

"ಪರೀಕ್ಷಾ ಸೋಮವಾರ ಐತ್ರಿ ಚಾಚಾ."

"ನನ್ನ ಕಾಯಿದು ಇವತ್ತ ಆತಲ್ಲ. ನಪಾಸು!"

ಮೈಲಪ್ಪ ಒಳಗೆ ಹೋಗಿ ಪುಸ್ತಕಗಳನ್ನು ತನ್ನ ಕೈಚೀಲಕ್ಕೆ ತುಂಬತೊಡಗಿದ. ಸುಗರಾಬಿ ಬಾಗಿಲಿಗೆ ಬಂದಳು.

"ಎಲ್ಲಿ ಹೊಂಟೀಪಾ?"

"ಊರಿಗೆ ರೀ."

"ಸೋಮವಾರ ನಿಮ್ಮ ಬಸ್ಸು ಎಷ್ಟಕ್ಕ ಬರತೈತಿ?"

"ಹತ್ತಕ್ಕ ರೀ."

"ಹಂಗಾರ ಕುಂದ್ರು." ಗಂಡನ ಕಡೆ ತಿರುಗಿದಳು. "ಅಜೀ, ಈ ಕೋಣಿ ಪರೀಕ್ಷಾ ಮುಗಿಯೂ ತನಕ ಇವಂದು ಅಂತ ನಾ ಇವ್ರವ್ವಗ ಮಾತು ಕೊಟ್ಟೇನಿ. ನಿಮ್ಮ ಚೀಲಕ್ಕ ಯಾರು ಮಾತು ಕೊಟ್ಟಾರ?"

ಯೂಸುಫಸಾಬ ಯೋಚಿಸಿದ. ಯಾರೂ ಕೊಟ್ಟಿರಲಿಲ್ಲ.

"ಮತ್ತ ಚೀಲ ಎಲ್ಲಿ ಇಡ್ಲಿ?"

"ನಾವು ಮಲಗೂ ಕೋಣ್ಯಾಗ. ಅಲ್ಲಿ ಯಾರೂ ಪ್ಯಾಂಟು ಒಣಗಸೂದಿಲ್ಲ."

ಯೂಸುಫಸಾಬ ಲುಂಗಿ ಎತ್ತಿ ಕಟ್ಟಿದ. ಸಂಜೆಯವರೆಗೆ ಇಬ್ಬರೂ ಚೀಲ ಸಾಗಿಸಿದರು. ಮೈಲಪ್ಪ ಒಂದು ಹೊರುವಷ್ಟರಲ್ಲಿ ಯೂಸುಫಸಾಬ ಮೂರು ಹೊರುತ್ತಿದ್ದ.

"ಬೆನ್ನು ಬಗ್ಗಸೋ. ಬಿ.ಎ. ದಾಗ ಇದನ್ನ ಹೇಳಿಕೊಡೂದಿಲ್ಲೇನು?"

"ಇಲ್ರಿ."

"ಮತ್ತ ಮೂರು ವರ್ಷ ಏನ ಮಾಡ್ತಾರ?"

ಭಾನುವಾರ ಬೆಳಿಗ್ಗೆ ಕೆಟ್ಟ ಚೀಲವನ್ನು ಅಂಗಳದಲ್ಲಿ ಸುರುವಿದರು. ಬೂಷ್ಟು ಹಿಡಿದ ಕಾಯಿ ಒಂದು ಕಡೆ, ಒಳ್ಳೆಯವು ಒಂದು ಕಡೆ. ಯೂಸುಫಸಾಬ ಎರಡು ಸಲ "ಹೋಗಿ ಓದಿಕೋ ಹೋಗು" ಎಂದ. ಮೈಲಪ್ಪ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಧ ಚೀಲ ಉಳಿಯಿತು. ಆಮೇಲೆ ಅವನು ಒಳಗೆ ಹೋಗಿ ಓದಿದ. ಗೋಡೆಯಾಚೆ ಯೂಸುಫಸಾಬ ಸೀನುವುದು ಕೇಳುತ್ತಿತ್ತು.

ಸೋಮವಾರ ಒಂಬತ್ತಕ್ಕೆ ಅವನು ಕಾಲೇಜಿನಲ್ಲಿದ್ದ. ಪರೀಕ್ಷಾ ಹಾಲಿನ ಬೀಗ ಇನ್ನೂ ತೆಗೆದಿರಲಿಲ್ಲ. ತೆಗೆದ ಮೇಲೆ ತನ್ನ ನಂಬರಿನ ಬೆಂಚು ಹುಡುಕಿ ಕೂತ. ಗಂಟೆ ಹೊಡೆಯಿತು, ಪ್ರಶ್ನೆಪತ್ರಿಕೆ ಕೈಗೆ ಬಂತು. ಎರಡು ಸಲ ತೊಳೆದರೂ ಬೆರಳು ಉರಿಯುತ್ತಿದ್ದವು. ಕಣ್ಣು ಮುಟ್ಟಿಕೊಳ್ಳದೆ ಬರೆಯತೊಡಗಿದ.