ರೈಡ್ ಹತ್ತದವರ ಟಿಕೆಟ್

ಥೀಮ್ ಪಾರ್ಕುಗಳಲ್ಲಿ ಪ್ರತಿ ದೊಡ್ಡ ರೈಡಿನ ಮುಂದೆಯೂ ಒಂದು ಹಳದಿ ಬೋರ್ಡು ಇರುತ್ತದೆ. ಹೃದ್ರೋಗ ಇದ್ದವರು, ಬಿಪಿ ಇದ್ದವರು, ಬೆನ್ನು ಕುತ್ತಿಗೆ ನೋಯುವವರು, ಈಚೆಗೆ ಆಪರೇಶನ್ ಆದವರು, ತಲೆ ಸುತ್ತುವವರು, ಗರ್ಭಿಣಿಯರು ಮತ್ತು ಗೋಡೆಗೆ ಬರೆದ ಗೆರೆಗಿಂತ ಕುಳ್ಳಗಿರುವವರು ಹತ್ತಬಾರದು ಎಂದು ಅದು ಹೇಳುತ್ತದೆ. ಅರವತ್ತು ದಾಟಿದ ಮೇಲೆ ಒಮ್ಮೆ ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದೆ. ಕೊನೆಯ ಎರಡನ್ನು ಬಿಟ್ಟರೆ ಮಿಕ್ಕದ್ದೆಲ್ಲ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಬರೆದಂತಿತ್ತು. ಹತ್ತಲು ಅರ್ಹನಾಗಿದ್ದ ವರ್ಷಗಳೂ ನನಗಿದ್ದವು ನಿಜ. ಆ ವರ್ಷಗಳನ್ನೆಲ್ಲ ನಾನು ಮುಂಬೈಯ ವಡಾಲದಿಂದ ಆಫೀಸಿಗೆ ಹಾರ್ಬರ್ ಲೈನಿನ ಲೋಕಲ್ ರೈಲು ಹತ್ತುವುದರಲ್ಲೇ ಕಳೆದೆ. ಅದಕ್ಕೂ ಅಂಥದೊಂದು ಬೋರ್ಡು ಬೇಕಿತ್ತು, ಯಾರೂ ಹಾಕಲಿಲ್ಲ.

ಹೀಗೆ ಎಲ್ಲ ಬಾಗಿಲೂ ಮುಚ್ಚಿದ ನನ್ನಂಥವರಿಗಾಗಿ ಈಚೆಗೆ ಕೆಲವು ಪಾರ್ಕುಗಳು ಒಂದು ಹಿಂಬಾಗಿಲು ತೆರೆದಿವೆ. ಬಿಹೈಂಡ್ ದ ಸೀನ್ಸ್ ಟೂರ್ ಎನ್ನುತ್ತಾರೆ. ರೈಡಿನ ಮೇಲೆ ಕೂರುವಂತಿಲ್ಲ. ಅದನ್ನು ಓಡಿಸುವ ಯಂತ್ರ, ಅದರ ಕೆಳಗಿನ ಕಂಬ, ಅದರ ಹಿಂದಿನ ಕೋಣೆಗಳನ್ನು ಒಬ್ಬರು ಜೊತೆಗೆ ನಡೆದು ತೋರಿಸುತ್ತಾರೆ. ನನಗೆ ಇದು ಹಿಡಿಸಿಬಿಟ್ಟಿತು. ಒಂದು ಕಡೆ ಸಮುದ್ರದ ಅಲೆ ಎಬ್ಬಿಸುವ ಕೊಳ ನೋಡಿದೆ. ಗೋಡೆಯ ಹಿಂದೆ ನಾಲ್ಕಾರು ದೈತ್ಯ ಫ್ಯಾನುಗಳು ಗಾಳಿ ಊದುತ್ತಿದ್ದವು, ಅಷ್ಟೇ ಸಮುದ್ರ. ಇನ್ನೊಂದು ಕಡೆ ಮಾಲಿನೊಳಗಿನ ಹಿಮಲೋಕ. ಹಿಮ ಮಾಡುವ ಯಂತ್ರದ ಕೋಣೆ ಮೇ ತಿಂಗಳ ಕುರ್ಲಾ ಸ್ಟೇಶನ್ನಿನಷ್ಟು ಬಿಸಿಯಾಗಿತ್ತು. ನಮ್ಮ ವೇದಾಂತಿಗಳು ಮಾಯೆಯ ಹಿಂದಿರುವುದು ನಿರ್ಗುಣ, ನಿರಾಕಾರ ಎಂದು ಹೇಳಿ ಮುಗಿಸಿಬಿಟ್ಟಿದ್ದಾರೆ. ಅವರನ್ನು ಅಲ್ಲಗಳೆಯುವಷ್ಟು ಓದು ನನಗಿಲ್ಲ. ನಾನು ಕಂಡ ಮಾಯೆಗಳ ಹಿಂದೆ ಮಾತ್ರ ಗ್ರೀಸಿನ ವಾಸನೆ ಇತ್ತು, ಮೂಲೆಯಲ್ಲಿ ಯಾರದೋ ಟಿಫಿನ್ ಡಬ್ಬಿ ಇತ್ತು, ಪೈಪಿನ ಮೇಲೆ ಒಣಗಲು ಹಾಕಿದ ಬನಿಯನ್ ಇತ್ತು.

ಈ ನನ್ನ ಹುಚ್ಚಿನ ಬಗ್ಗೆ ನಗುನಗುತ್ತಲೇ ಬರೆದು ಮುಗಿಸಬೇಕೆಂದಿದ್ದೆ. ಆದರೆ ಅದರ ಮಾತು ತೆಗೆದರೆ ನೀಲಕ್ಕ ಬರುತ್ತಾಳೆ. ಅವಳು ಬಂದರೆ ಪೂರ್ತಿ ನಗಲು ಆಗುವುದಿಲ್ಲ.

ನೀಲಕ್ಕ ನನ್ನ ಒಡಹುಟ್ಟಿದ ಅಕ್ಕ. ಧಾರವಾಡದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಭಾವ ತೀರಿಕೊಂಡಾಗ ಮಗಳು ಸುಮಾ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಗಿರಣಿಯನ್ನು ಮಾರಿಬಿಡು ಎಂದು ಬಂಧುಗಳೆಲ್ಲ ಹೇಳಿದರು. ಅಕ್ಕ ಒಂದು ವಾರ ಸುಮ್ಮನಿದ್ದು, ಎಂಟನೆಯ ದಿನ ಕಿವಿಗೆ ಬಟ್ಟೆ ಕಟ್ಟಿಕೊಂಡು ತಾನೇ ಮೋಟರು ಚಾಲೂ ಮಾಡಿದಳು. ಆಮೇಲಿನ ಅವಳನ್ನು ನೆನೆದರೆ ನನಗೆ ಕಾಣುವುದು ಹುಬ್ಬಿನ ಮೇಲೆ ಕೂತ ಬಿಳಿ ಹಿಟ್ಟು. ಮದುವೆ ಮನೆಗೆ ಬಂದರೂ ಅವಳ ಸೆರಗಿಗೆ ಜೋಳದ ಹಿಟ್ಟಿನ ವಾಸನೆ ಇರುತ್ತಿತ್ತು. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವಳ ದನಿ ದೊಡ್ಡದಾಗಿಬಿಟ್ಟಿತ್ತು. ಗುಟ್ಟಿನ ಮಾತನ್ನೂ ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕಿತ್ಸೆಗೆಂದು ಮುಂಬೈಗೆ ಕರೆತಂದೆವು. ವಡಾಲದ ನಮ್ಮ ಎರಡು ಕೋಣೆಯ ಮನೆಯಲ್ಲಿ ಕಿಟಕಿ ಇರುವ ಕೋಣೆಯನ್ನು ಅವಳಿಗೆ ಕೊಟ್ಟೆವು. ನನ್ನ ಹೆಂಡತಿ ವಿಮಲಾ ಅವಳಿಗೆ ಸೇರುವಂಥದ್ದೇನಾದರೂ ಮಾಡುವ ಹಟ ಹಿಡಿದು ದಿನವೂ ಸೋಲುತ್ತಿದ್ದಳು. ಗಂಜಿಗೂ ಕಬ್ಬಿಣದ ರುಚಿ ಎನ್ನುತ್ತಿದ್ದಳು ಅಕ್ಕ. ಕೂದಲು ಹೋಯಿತು, ಮೈ ಇಳಿಯಿತು, ದನಿ ಕೂಡ ಸಣ್ಣದಾಯಿತು. ಮೈ ಇಳಿದದ್ದನ್ನು ನೋಡಿಕೊಂಡು ಇರಬಹುದಿತ್ತು, ದನಿ ಇಳಿದದ್ದನ್ನು ಕೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಒಂದು ಸುತ್ತಿನ ಚಿಕಿತ್ಸೆ ಮುಗಿದು ಇನ್ನೊಂದು ಶುರುವಾಗುವ ಮೊದಲು ಕೆಲವು ದಿನ ಅವಳು ಸ್ವಲ್ಪ ಗೆಲುವಾಗಿರುತ್ತಿದ್ದಳು. ಅಂಥ ಒಂದು ದಿನ ನಾನು ಹಿಮಲೋಕದ ಹಿಂದಿನ ಬಿಸಿ ಕೋಣೆಯ ಕತೆ ಹೇಳಿದೆ. ಬಹಳ ದಿನದ ಮೇಲೆ ಅವಳು ಎದ್ದು ಕೂತಳು.

"ಅಷ್ಟು ದೊಡ್ಡ ಮಶೀನು ಓಡಸ್ತಾರಂದ್ರ ಬೆಲ್ಟ್ ಎಷ್ಟು ದೊಡ್ಡದಿರಬೇಕೋ ತಮ್ಮಾ! ನನಗೂ ತೋರಸು."

"ನಿನಗ ತ್ರಾಸ ಆಗತದ ಅಕ್ಕಾ."

"ದವಾಖಾನಿಗೆ ಹೋಗಾಕ ತ್ರಾಸ ಇಲ್ಲೇನು? ಅಲ್ಲಿಗೆ ದಿನಾ ಕರ್ಕೊಂಡು ಹೋಗತೀ."

ವಿಮಲಾ ಮಾತ್ರೆಗಳನ್ನೂ ಬಿಸಿನೀರನ್ನೂ ಒಂದು ಚೀಲದಲ್ಲಿ ಹಾಕಿ ಕೊಟ್ಟಳು. ನಗರದ ಅಂಚಿನಲ್ಲಿರುವ ಒಂದು ಪಾರ್ಕಿಗೆ ಟ್ಯಾಕ್ಸಿ ಮಾಡಿಕೊಂಡು ಹೋದೆವು.

ಅಂದಿನ ಟೂರಿನಲ್ಲಿ ನಮ್ಮೊಡನೆ ಇದ್ದವರೆಲ್ಲ ಹಳದಿ ಬೋರ್ಡಿನಿಂದ ತಿರಸ್ಕೃತರಾದವರೇ. ಬೈಪಾಸ್ ಆಗಿ ಎದೆಯ ಮೇಲೆ ಕೈ ಇಟ್ಟುಕೊಂಡೇ ನಡೆಯುವ ಒಬ್ಬರು ಗುಜರಾತಿ ಹಿರಿಯರು, ಅವರ ಮಂಡಿ ನೋವಿನ ಹೆಂಡತಿ, ಗಂಡನನ್ನು ರೈಡಿಗೆ ಕಳಿಸಿ ತಾನು ಕೆಳಗುಳಿದ ಒಬ್ಬ ಬಸುರಿ. ಅಕ್ಕ ಅವಳ ಹತ್ತಿರ ಹೋಗಿ, ಅವಳ ಭಾಷೆ ಯಾವುದೆಂದು ಕೂಡ ಕೇಳದೆ, "ಎಷ್ಟು ತಿಂಗಳಾತವ್ವಾ?" ಎಂದು ಧಾರವಾಡದ ಕನ್ನಡದಲ್ಲೇ ವಿಚಾರಿಸಿದಳು. ಆ ಹುಡುಗಿಯೂ ಕೂಡಲೇ ಐದು ಬೆರಳು ತೋರಿಸಿದಳು.

ನಮ್ಮನ್ನು ನಡೆಸಿಕೊಂಡು ಹೋಗಬೇಕಾದವಳು ಶ್ರೇಯಾ ಎಂಬ ಹುಡುಗಿ. ಅಕ್ಕನ ಮಾತು ಕೇಳಿ ಅವಳ ಮುಖ ಅರಳಿತು.

"ನೀವು ಕನ್ನಡ? ನನ್ನ ಪಪ್ಪಂದು ಊರು ಉಡುಪಿ. ಮಾಟುಂಗದಲ್ಲಿ ಹೋಟೆಲ್‌ನಲ್ಲಿ ಇದ್ದಾರೆ. ನನಗೆ ಕನ್ನಡ ಸಮಝ್ ಆಗ್ತದೆ, ಮಾತಾಡ್ಲಿಕ್ಕೆ ಥೋಡಾ ಗಡಬಡ್. ಅಜ್ಜಿ, ನೀವು ನನ್ನ ಕೈ ಹಿಡ್ಕೋ."

"ಅಜ್ಜಿ ಅನಬ್ಯಾಡ. ಕೂದಲಾ ಇಲ್ಲದ್ದಕ್ಕ ಹಂಗ ಕಾಣತೇನಿ" ಎಂದು ಅಕ್ಕ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡಳು. ಶ್ರೇಯಾಗೆ ಎಷ್ಟು ಅರ್ಥವಾಯಿತೋ, ಆಂಟಿ ಎನ್ನತೊಡಗಿದಳು. ಆಮೇಲೆ ಇಡೀ ಟೂರನ್ನು ಎಲ್ಲರಿಗೆ ಹಿಂದಿಯಲ್ಲಿಯೂ ಅಕ್ಕನಿಗೆ ತನ್ನ ಮುರುಕು ಕನ್ನಡದಲ್ಲಿಯೂ ಎರಡೆರಡು ಸಲ ಹೇಳಿದಳು.

ಮೊದಲು ಯಂತ್ರದ ಕೋಣೆ. ಬೆಲ್ಟ್ ಇರಲಿಲ್ಲ, ಮನುಷ್ಯನ ತೋಳಿನಷ್ಟು ದಪ್ಪದ ಕೊಂಡಿಗಳ ಸರಪಳಿ ಇತ್ತು. ಅಕ್ಕನಿಗೆ ಒಂದು ಕ್ಷಣ ನಿರಾಸೆಯಾದಂತೆ ಕಂಡಿತು. ಆಮೇಲೆ ಮೋಟರಿನ ಹತ್ತಿರ ಹೋಗಿ ಮೂಗರಳಿಸಿ ಗ್ರೀಸಿನ ವಾಸನೆ ಎಳೆದುಕೊಂಡಳು. ಚಿಕಿತ್ಸೆ ಶುರುವಾದಾಗಿನಿಂದ ವಾಸನೆಗಳೆಲ್ಲ ಅವಳಿಗೆ ಹೊಟ್ಟೆ ತೊಳಸುತ್ತಿದ್ದವು. ಇದು ತೊಳಸಲಿಲ್ಲ. ಅಲ್ಲಿಂದ ಹೊರಗೆ ಬಂದರೆ ರೋಲರ್ ಕೋಸ್ಟರಿನ ಕಂಬಗಳ ಕಾಡು. ತಲೆಯ ಮೇಲೆ ಗಾಡಿ ಭರ್ರನೆ ಹಾದುಹೋಯಿತು, ಅದರೊಟ್ಟಿಗೆ ಜನರ ಕೂಗು ಬಂದು ಹೋಯಿತು. ಅಕ್ಕ ಒಂದು ಕಂಬಕ್ಕೆ ಎರಡೂ ಅಂಗೈ ಒತ್ತಿ ನಿಂತಳು.

"ಗಿರಣಿ ಗ್ವಾಡಿ ಹಿಂಗ ನಡಗತದ ನೋಡು" ಎಂದಳು. ಮುಂದಿನ ಗಾಡಿ ಬರುವ ತನಕ ಕೈ ತೆಗೆಯಲಿಲ್ಲ. ಬೈಪಾಸಿನ ಹಿರಿಯರೂ ಬಂದು ಇನ್ನೊಂದು ಬದಿಯಿಂದ ಕಂಬ ಮುಟ್ಟಿದರು. ಬಸುರಿ ಮಾತ್ರ ಗಂಡ ಯಾವ ಗಾಡಿಯಲ್ಲಿದ್ದಾನೆಂದು ಮೇಲೆಯೇ ನೋಡುತ್ತಿದ್ದಳು.

ಶ್ರೇಯಾ ವಿವರಿಸಿದಳು: "ಆಂಟಿ, ಗಾಡಿಗೆ ಇಂಜಿನ್ ಇಲ್ಲ. ಚೈನ್ ಅದನ್ನು ಮೇಲೆ ಎಳೀತದೆ, ಅಷ್ಟೇ. ಮೇಲಿಂದ ಅದು ಖುದ್ ತಾನೇ ಬೀಳ್ತದೆ. ಬ್ರೇಕ್ ಲಾಸ್ಟ್‌ನಲ್ಲಿ."

"ನಡುವ ನಿಂದ್ರಸಾಕ ಬರೂದಿಲ್ಲೇನು?"

"ಬೀಳ್ಲಿಕ್ಕೆ ಶುರು ಆದ್ಮೇಲೆ ಇಲ್ಲ. ಮೇಲೆ ಹೋಗುವಾಗ ಆಗ್ತದೆ."

ಸರಪಳಿ ಎಳೆಯುವ ಏರಿನ ಪಕ್ಕದಲ್ಲಿ ಉದ್ದಕ್ಕೂ ಒಂದು ಸಪೂರ ಕಬ್ಬಿಣದ ಮೆಟ್ಟಿಲುಸಾಲು ಇತ್ತು. ಅಕ್ಕ ಅದನ್ನು ತೋರಿಸಿ, ಅದು ಯಾತಕ್ಕೆ ಎಂದು ಕೇಳಿದಳು. ಕರೆಂಟು ಹೋದರೆ, ಇಲ್ಲವೇ ಯಾರಾದರೂ ಬಹಳ ಗಾಬರಿಯಾಗಿ ತಾವು ಒಲ್ಲೆವೆಂದು ಅತ್ತರೆ, ಸರಪಳಿ ನಿಲ್ಲಿಸಿ ಅವರನ್ನು ಕೈ ಹಿಡಿದು ಆ ಮೆಟ್ಟಿಲಿನಿಂದ ಇಳಿಸುತ್ತಾರಂತೆ.

"ಇಳದು ಬಂದವರಿಗೆ ಮಂದಿ ನಗತಾರೇನು?"

"ಯಾಕೆ ನಗೋದು ಆಂಟಿ? ನಾನೇ ಇಬ್ಬರನ್ನು ಇಳಿಸಿದ್ದೇನೆ. ಕೆಳಗೆ ಬಂದು ಚಾ ಕುಡೀತಾರೆ, ಮನೆಗೆ ಹೋಗ್ತಾರೆ."

ಟೂರ್ ಮುಗಿದ ಮೇಲೆ ಶ್ರೇಯಾ ನಮ್ಮಿಬ್ಬರನ್ನು ಕೆಲಸದವರ ಕ್ಯಾಂಟೀನಿನ ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಾನೇ ಹೋಗಿ ಎರಡು ಅರ್ಧ ಗ್ಲಾಸಿನ ಕಟಿಂಗ್ ಚಾ ತಂದುಕೊಟ್ಟು ಮುಂದಿನ ಗುಂಪಿಗೆ ಓಡಿದಳು. ಅಕ್ಕ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಯನ್ನಷ್ಟೇ ತೆಗೆದುಕೊಂಡಳು. ಕುಡಿಯಲಿಲ್ಲ.

"ತಮ್ಮಾ, ಸೋಮವಾರ ದವಾಖಾನಿಗೆ ಬ್ಯಾಡ. ನನ್ನ ಊರಿಗೆ ಕರ್ಕೊಂಡು ಹೋಗು."

ನನಗೆ ಕೇಳಿಸಿತ್ತು. ಕೇಳಿಸದವನಂತೆ ಏನು ಎಂದೆ. ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು.

"ಇನ್ನೊಂದೆರಡು ಸುತ್ತು ಅಂದಾರ ಡಾಕ್ಟರು. ಅದಾದ ಮ್ಯಾಲೆ ಆರಾಮ ಆಗಬಹುದು ಅಂದಾರ."

"ಆಗಬಹುದು ಅಂದಾರ. ಆಗತದ ಅಂದಿಲ್ಲ. ನಾನೂ ಅವರ ಬಾಯಿ ನೋಡಕೋತ ಕುಂತಿದ್ದೆ, ನೀನೂ ಕುಂತಿದ್ದಿ. ಇಬ್ಬರಿಗೂ ಗೊತ್ತದ." ಗ್ಲಾಸನ್ನು ಮೂಗಿನ ಹತ್ತಿರ ತಂದು ಇಳಿಸಿ, "ನನಗ ಜ್ವಾಳದ ಹಿಟ್ಟಿನ ವಾಸನಿ ಬೇಕಾಗೇದೋ" ಎಂದಳು.

ಮಾತಿನಲ್ಲಿ ನಾನು ಅವಳನ್ನು ಎಂದೂ ಗೆದ್ದವನಲ್ಲ. ಆದರೂ ಅಂದು ಬಹಳ ವಾದ ಮಾಡಿದೆ. ಸುಮಾಳ ಹೆಸರು ಎತ್ತಿದೆ, ಗುಣವಾದ ಯಾರ ಯಾರದೋ ಉದಾಹರಣೆ ಕೊಟ್ಟೆ, ಕೊನೆಗೆ ದೇವರನ್ನೂ ನಡುವೆ ತಂದೆ. ಅಕ್ಕ ಎಲ್ಲವನ್ನೂ ಕೇಳಿದಳು. ಚಾ ಆರಿಹೋದ ಗ್ಲಾಸನ್ನು ನನ್ನ ಕೈಗಿಟ್ಟು, ಚಿಕ್ಕಂದಿನಲ್ಲಿ ಜ್ವರ ನೋಡುತ್ತಿದ್ದ ಹಾಗೆ ಅಂಗೈ ತಿರುವಿ ನನ್ನ ಹಣೆ ಮುಟ್ಟಿದಳು. ಆಗ ನಾನು ಅತ್ತುಬಿಟ್ಟೆ. ಕ್ಯಾಂಟೀನಿನಿಂದ ಹೊರಬಂದ ಒಬ್ಬ, ಕರಡಿಯ ವೇಷದ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡವನು, ಏನಾಯಿತೆಂದು ನಮ್ಮ ಕಡೆ ನೋಡಿ ನಿಂತ. ಅಕ್ಕ ಅವನಿಗೆ ಏನೂ ಇಲ್ಲ, ಹೋಗಪ್ಪಾ ಎಂದು ಕೈಸನ್ನೆ ಮಾಡಿದಳು.

ಮನೆಗೆ ಬಂದು ಸುಮಾಗೆ ಫೋನ್ ಮಾಡಿದೆವು. ಅವಳು ಫೋನಿನಲ್ಲೇ ಬಹಳ ಹೊತ್ತು ಅತ್ತು, ಕೊನೆಗೆ, "ಕರ್ಕೊಂಡು ಬಾ ಮಾಮಾ, ನನ್ನ ಕಣ್ಣ ಮುಂದರ ಇರಲಿ" ಎಂದಳು. ಡಾಕ್ಟರು ನಮ್ಮನ್ನು ಬೈಯುತ್ತಾರೆಂದುಕೊಂಡಿದ್ದೆ. ಅವರು ಬೈಯಲಿಲ್ಲ, ನೋವಿಗೆ ಮಾತ್ರೆ ಬರೆದುಕೊಟ್ಟು ಅಕ್ಕನಿಗೆ ಕೈ ಮುಗಿದರು. ಬೈದಿದ್ದರೆ ನನಗೆ ಇನ್ನೂ ಸ್ವಲ್ಪ ಆಸೆ ಉಳಿಯುತ್ತಿತ್ತು.

ಧಾರವಾಡದಲ್ಲಿ ಅಕ್ಕ ಮಳೆಗಾಲ ಕಳೆದಳು, ದೀಪಾವಳಿ ನೋಡಿದಳು. ಗಿರಣಿಯನ್ನು ಸುಮಾಳೂ ಅವಳ ಗಂಡನೂ ನಡೆಸುತ್ತಿದ್ದರು. ಬೆಳಿಗ್ಗೆ ಅಕ್ಕನನ್ನು ಎತ್ತಿ ತಂದು ಗಿರಣಿಯ ಒಳಬಾಗಿಲ ಹತ್ತಿರ ಮಂಚದ ಮೇಲೆ ಮಲಗಿಸುತ್ತಿದ್ದರಂತೆ. ಹಿಟ್ಟು ಬೀಸಿಸಲು ಬಂದವರೆಲ್ಲ ಅಲ್ಲೇ ಕೂತು ಮಾತಾಡಿಸಿ ಹೋಗುತ್ತಿದ್ದರು. ನಾನು ಎರಡು ಸಲ ಹೋಗಿಬಂದೆ. ಮೂರನೆಯ ಸಲ ಹೋಗುವ ಹೊತ್ತಿಗೆ ಗಿರಣಿಯ ಬಾಗಿಲು ಹಾಕಿತ್ತು, ಓಣಿಯಲ್ಲಿ ಜನ ನಿಂತಿದ್ದರು.

ಅಕ್ಕನ ದಿವಸದ ಊಟದ ದಿನ ಬಂದವರು ಕೈ ತೊಳೆದು ಅಂಗಳದಲ್ಲಿ ಕೂತಿದ್ದರು. ಎದುರು ಮನೆಯ ಗಂಗವ್ವ, ಅಕ್ಕನ ಹಳೆಯ ಗೆಳತಿ, ನನ್ನ ಹತ್ತಿರ ಬಂದು ಕೂತು ಒಮ್ಮೆಲೇ ಕೇಳಿದಳು:

"ಅಲ್ಲರೀ ಅಣ್ಣಾರ, ಮುಂಬೈದಾಗ ನೀವು ಭಾಳ ಒದರಿದ್ರಂತಲ್ಲ?"

ನನಗೆ ತಿಳಿಯಲಿಲ್ಲ.

"ಅದಽರಿ, ಆ ಮುಗಿಲೆತ್ತರದ ಗಾಡ್ಯಾಗ. ನೀಲಕ್ಕ ಎರಡೂ ಕೈ ಮ್ಯಾಲೆತ್ತಿ ಕುಂತಿದ್ದಳಂತ. ಬಾಜೂಕ ನೀವು ಕಣ್ಣು ಮುಚಗೊಂಡು, ಅವ್ವಾ ಸತ್ನೆವ್ವಾ ಅಂತ ಒದರಿದ್ರಂತ. ಬಂದವರಿಗೆಲ್ಲಾ ಅದನ್ನ ಹೇಳತಿದ್ದಳ್ರೀ. ದವಾಖಾನಿ ಸುದ್ದಿ ಕೇಳಿದ್ರ, ಅದೇನದ, ಮೊದಲ ಈ ಗಾಡಿ ಸುದ್ದಿ ಕೇಳು ಅಂತಿದ್ದಳು."

ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಈ ಸುದ್ದಿ ಅವರೆಲ್ಲರಿಗೂ ಗೊತ್ತಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಆ ಮೈಯಲ್ಲಿ ತಾಯಿ ಅಂಥ ಗಾಡಿ ಹತ್ತಿರಲಾರಳು ಎಂದು ಸುಮಾಗೆ ಅನುಮಾನವಿದ್ದಿರಬೇಕು. ಕೆಂಪಾದ ಕಣ್ಣೆತ್ತಿ ನನ್ನನ್ನೇ ನೋಡಿದಳು.

"ಖರೇ ಏನು ಮಾಮಾ? ಅವ್ವ ಹತ್ತಿದ್ದಳೇನು?"

"ಹತ್ತಿದ್ದಳವ್ವಾ. ಕೈ ಬಿಟ್ಟ ಕುಂತಿದ್ದಳು" ಎಂದೆ.

"ನೀನು ಒದರಿದ್ದು?"

"ಒದರಿದ್ದೂ ಖರೇ. ನನ್ನ ಒಂದು ಚಪ್ಪಲಿ ಮ್ಯಾಲಿಂದ ಹಾರಿ ಬಿತ್ತು, ಇನ್ನತನಕಾ ಸಿಕ್ಕಿಲ್ಲ."

ಗಂಗವ್ವ ಸೆರಗು ಬಾಯಿಗೊತ್ತಿಕೊಂಡಳು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಸುಮಾ ನಗಲು ಹೋಗಿ ಅತ್ತಳು, ಅಳುತ್ತಲೇ ನಕ್ಕಳು. ಚಪ್ಪಲಿಯ ಸುದ್ದಿಯನ್ನು ಅವ್ವ ಹೇಳಿಯೇ ಇರಲಿಲ್ಲವಲ್ಲ ಎಂದಳು. ಮಂತ್ರ ಗೊತ್ತಿದ್ದವರು ತಮ್ಮ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ ಹೋಗಿದ್ದರು. ಅಕ್ಕ ಅಷ್ಟು ಚಂದವಾಗಿ ಹೇಳಿ ಹೋದ ಸುಳ್ಳಿಗೆ ಒಂದು ಚಪ್ಪಲಿ ಸೇರಿಸಿದೆನಲ್ಲ, ನನ್ನ ಕೈಲಾದ ಉತ್ತರಕ್ರಿಯೆ ಅಷ್ಟೇ.