ಕೈಯಲ್ಲಿ ಕಥೆ ಹೇಳಿದ ಟೀಚರ್

ಎಪ್ಪತ್ತರ ದಶಕದ ಕೊನೆಗೆ ಉಡುಪಿಯ ಒಂದು ಕಿವುಡ ಮಕ್ಕಳ ಶಾಲೆಯಲ್ಲಿ ಆ ಟೀಚರೂ ನಾನೂ ಒಟ್ಟಿಗೆ ಕಲಿಸುತ್ತಿದ್ದೆವು. ಯಾರು ಏನನ್ನೇ ಖಚಿತವಾಗಿ ಹೇಳಲಿ, ಅವರು ಕನ್ನಡಕವನ್ನು ಮೇಲೆ ತಳ್ಳಿ, "ಹೌದಾ? ಒಮ್ಮೆ ನೋಡುವಾ" ಎನ್ನುತ್ತಿದ್ದರು.

ಕೈಸನ್ನೆಗೆ ಬಿಟ್ಟರೆ ಮಕ್ಕಳು ಮಾತು ಕಲಿಯುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಮಕ್ಕಳು ಕೈಕಟ್ಟಿ ಕುಳಿತು ನಮ್ಮ ತುಟಿಗಳನ್ನೇ ನೋಡಬೇಕಿತ್ತು. ಇದನ್ನೂ ಒಮ್ಮೆ ನೋಡುವಾ ಎಂದು ಟೀಚರ್ ತರಗತಿಯನ್ನು ಎರಡು ಗುಂಪು ಮಾಡಿ, ಒಂದೇ ಕಥೆಯನ್ನು ಒಂದು ಗುಂಪಿಗೆ ಬರೀ ತುಟಿಯಲ್ಲಿ, ಇನ್ನೊಂದಕ್ಕೆ ಸನ್ನೆ ಸೇರಿಸಿ ಹೇಳಿದರು. ಮರುವಾರ ಬೇರೆ ಕಥೆ ಹಿಡಿದು ಗುಂಪುಗಳನ್ನು ಅದಲುಬದಲು ಮಾಡಿದರು. ಎರಡು ಸಲವೂ ಸನ್ನೆ ಕಂಡ ಮಕ್ಕಳಿಗೇ ಕಥೆ ಅರ್ಥವಾಗಿತ್ತು. ಕಾಪುವಿನ ಹುಡುಗಿಯೊಬ್ಬಳಂತೂ ಅದನ್ನು ಕೈಯಲ್ಲೇ ತಿರುಗಿ ಹೇಳಿ ಕುಣಿದಾಡಿದಳು.

ಹೆಡ್‌ಮಾಸ್ಟರಿಗೆ ಸಿಟ್ಟು ಬಂತು. "ಎಂತ ಟೀಚರ್ ಇದು? ಹೀಗೆ ಮಾಡಿದರೆ ಇವರು ಜನ್ಮದಲ್ಲಿ ಮಾತಾಡ್ಲಿಕ್ಕಿಲ್ಲ."

"ನೀವೇ ಬಂದು ನೋಡಿ ಸರ್."

ಹೆಡ್‌ಮಾಸ್ಟರ್ ಬರಲಿಲ್ಲ, ಟೀಚರ್ ಮಕ್ಕಳಿಗೆ ಸನ್ನೆ ಅಭ್ಯಾಸ ಮಾಡಿಸುತ್ತಿದ್ದಾರೆಂದು ಹೆತ್ತವರಿಗೆ ಹೇಳಿ ಕಳುಹಿಸಿದರು. ಕಾಪುವಿನ ಹುಡುಗಿ ಶಾಲೆಗೆ ಬರುವುದು ನಿಂತಿತು.

ನಾವಿಬ್ಬರೂ ಅವಳ ಮನೆಗೆ ಹೋದೆವು. ಅಂಗಳದಲ್ಲಿ ಮೀನು ಒಣಗಿಸುತ್ತಿದ್ದ ತಾಯಿ ಟೀಚರ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಅದೆಲ್ಲ ನನಗೆ ಗೊತ್ತಾಗುದಿಲ್ಲ ಟೀಚರ್. ಒಂದು ಸಲ ಅಮ್ಮ ಅಂತ ಕರೀಲಿ ಅಂತ ಶಾಲೆಗೆ ಹಾಕಿದ್ದು ನಾನು."

ಟೀಚರ್ ಬಾಗಿಲಲ್ಲಿ ನಿಂತಿದ್ದ ಹುಡುಗಿಯನ್ನು, ಹೇಗಿದ್ದೀಯೆಂದು ಸನ್ನೆಯಲ್ಲಿ ಕೇಳಿದರು. ಹುಡುಗಿ ತಾಯಿಯ ಮುಖ ನೋಡಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.