ತುಪ್ಪ ಹಚ್ಚಿದ ಶುಕ್ರವಾರ

ನೇಪರ್‌ವಿಲ್‌ನಲ್ಲಿರುವ ಮಗನ ಮನೆಯಲ್ಲಿ ಶುಕ್ರವಾರ ಸಂಜೆ ದೀಪ ಹಚ್ಚುವವಳು ನನ್ನ ಸೊಸೆ. ಅವಳು ಯಹೂದಿ. ಹಾಲು, ತುಪ್ಪದ ಪದಾರ್ಥವನ್ನೂ ಮಾಂಸವನ್ನೂ ಒಂದೇ ಊಟದಲ್ಲಿ ತಿನ್ನಬಾರದೆಂಬುದು ಅವರ ನೇಮ. ಇದನ್ನು ನನಗೆ ಹೇಳಿದ್ದರು. ಆದರೆ ನಾನು ಮಾಂಸ ಮುಟ್ಟದವಳು, ಆ ನೇಮ ನನ್ನ ತಲೆಯಲ್ಲಿ ನಿಂತಿರಲಿಲ್ಲ.

ಮೊಮ್ಮಗಳಿಗೆ ಹನ್ನೆರಡು ತುಂಬುತ್ತಿತ್ತು. ಅವರಲ್ಲಿ ಆ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ನೇಮಗಳನ್ನೆಲ್ಲ ತಾವೇ ನಡೆಸಬೇಕು. ಆ ವಾರದ ಹಲ್ಲಾವನ್ನು, ಅಂದರೆ ಶುಕ್ರವಾರದ ಊಟಕ್ಕೆಂದು ಜಡೆಯಂತೆ ಹೆಣೆದು ಬೇಯಿಸುವ ಬ್ರೆಡ್ಡನ್ನು, ತಾನೊಬ್ಬಳೇ ಮಾಡುತ್ತೇನೆಂದು ಹಠ ಹಿಡಿದಳು. ನಾನು ಅವಳಿಗೆ ಜಡೆ ಹಾಕುವ ಹಾಗೆಯೇ ಹಿಟ್ಟನ್ನು ಹೆಣೆದಿದ್ದಳು. ಓವನ್‌ನಿಂದ ತೆಗೆದಾಗ ಏನು ಬಣ್ಣ ಅಂತೀರಿ! ಅವಳು ಬಟ್ಟೆ ಬದಲಿಸಲು ಮಹಡಿಗೆ ಓಡಿದಳು. ಬ್ರೆಡ್ ಸ್ವಲ್ಪ ಒಣಗಿದ ಹಾಗೆ ಕಂಡಿತು. ನಾನು ಧಾರಾಳವಾಗಿ ತುಪ್ಪ ಸವರಿದೆ.

ಅಷ್ಟರಲ್ಲಿ ಸೊಸೆಯ ತಾಯಿ, ನಮ್ಮ ಬೀಗಿತ್ತಿ, ಓಕ್ ಬ್ರೂಕ್‌ನಿಂದ ಬಂದರು. ಕೈಯಲ್ಲಿ ಚಿಕನ್ ಸೂಪಿನ ದೊಡ್ಡ ಪಾತ್ರೆ. ಮೊಮ್ಮಗಳು ಇಳಿದು ಬಂದು ಬ್ರೆಡ್ ಮೂಸಿದಳು.

“ಅಜ್ಜೀ, ಇದು ಘೀ? ನೋ! ಈಗ ಸೂಪ್ ಜೊತೆ ಯಾರೂ ತಿನ್ನಲ್ಲ!”

ಕಣ್ಣು ತುಂಬಿಕೊಂಡಳು.

“ರುಚಿಯಾಗ್ಲಿ ಅಂತ ಹಚ್ಚಿದೆ ಕಣೇ,” ಎಂದೆ.

ಬೀಗಿತ್ತಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಮಗ ತಿಳಿಸಿದ: “ಅಮ್ಮ, ಪ್ರೀತಿಯಿಂದ ನಮಗೆ ತೋಚಿದ್ದು ಮಾಡೋದು ಒಳ್ಳೇ ಕೆಲಸ. ಆದ್ರೆ ಮಿಟ್ಸ್ವಾ ಅಂದ್ರೆ ದೇವರು ಮಾಡು, ಮಾಡ್ಬೇಡ ಅಂತ ಹೇಳಿದ್ದು. ಮನಸ್ಸಿರ್ಲಿ ಬಿಡ್ಲಿ, ಹಾಗೇ ನಡ್ಕೋಬೇಕು. ಎರಡೂ ಕೂಡಿದ್ರೆ ಚೆಂದ ಅಂತಿದಾರೆ.”

“ಇವತ್ತು ಕೂಡ್ಲಿಲ್ವಲ್ಲೋ.”

ಬೀಗಿತ್ತಿ ಸೂಪಿನ ಪಾತ್ರೆಯನ್ನು ಹಾಗೇ ಎತ್ತಿ ಫ್ರಿಜ್‌ನಲ್ಲಿಟ್ಟರು. ಒಲೆಯ ಮೇಲಿದ್ದ ನನ್ನ ತಿಳಿಸಾರಿನ ಮುಚ್ಚಳ ತೆಗೆದು ಮಗನನ್ನು ಏನೋ ಕೇಳಿದರು.

“ಖಾರ ಎಷ್ಟಿದೆ ಅಂತಿದಾರಮ್ಮ.”

“ನೀರು ಪಕ್ಕದಲ್ಲೇ ಇಟ್ಕೊಳ್ಳಿ ಅನ್ನು.”

ಮೊಮ್ಮಗಳು ಪ್ರಾರ್ಥನೆ ಹೇಳಿ, ಬ್ರೆಡ್ ಮುರಿದು ಎಲ್ಲರಿಗೂ ಹಂಚಿದಳು. ಬೀಗಿತ್ತಿ ಸಾರಿನಲ್ಲಿ ಅದ್ದಿ ತಿಂದರು, ಕೆಮ್ಮಿದರು, ಇನ್ನೊಂದು ತುಂಡಿಗೆ ಕೈ ಚಾಚಿದರು. ಮಗುವಿನ ಮುಖ ಅರಳಿತು. ನನಗಂತೂ ಹೊಟ್ಟೆ ತುಂಬಿ ಹೋಯಿತು.

ಮುಂದಿನ ಶುಕ್ರವಾರ ಮತ್ತೆ ಚಿಕನ್ ಸೂಪ್ ಇತ್ತು. ಬ್ರೆಡ್ ಓವನ್‌ನಿಂದ ಬರುತ್ತಲೇ ನನ್ನ ಕೈ ತುಪ್ಪದ ಡಬ್ಬಿಗೆ ಹೋಯಿತು. ಮುಚ್ಚಳ ತೆಗೆದವಳು ಮತ್ತೆ ಮುಚ್ಚಿ, ಡಬ್ಬಿಯನ್ನು ಮೇಲಿನ ಶೆಲ್ಫಿನಲ್ಲಿ ಇಟ್ಟೆ.

“ಅಜ್ಜಿ! ಮಿಟ್ಸ್ವಾ!” ಎಂದು ಕೂಗಿ ಮೊಮ್ಮಗಳು ಓಡಿ ಬಂದು ತಬ್ಬಿಕೊಂಡಳು.

ಇಷ್ಟು ವರ್ಷ ಎಷ್ಟೋ ಜನಕ್ಕೆ ತುಪ್ಪ ಬಡಿಸಿದ್ದೇನೆ. ಬಡಿಸದೆ ಇದ್ದುದಕ್ಕೆ ಯಾರೂ ನನ್ನನ್ನು ಹೀಗೆ ಮುದ್ದಿಸಿರಲಿಲ್ಲ.